ಹಲಗೆಯ ಮೇಲೆ ಉಳಿದ ಹಿತ್ತಾಳೆ ಡಬ್ಬಿ

ಗುಡುಗು ಕೇಳಿದರೆ ಈಗಲೂ ನನ್ನ ಬಲಗೈ ಟೆಲಿಫೋನ್ ಎತ್ತಿಕೊಳ್ಳಲು ಮುಂದೆ ಹೋಗುತ್ತದೆ. ಮನೆಯವರು ನಗುತ್ತಾರೆ. ನಗಲಿ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಹಲಸೂರಿನ ಒಂದು ವಿದ್ಯುತ್ ದೂರು ಕಚೇರಿಯಲ್ಲಿ, ಮಳೆ ಬಂದಾಗಲೆಲ್ಲ ಆ ಕೈ ಮಾಡಿದ್ದು ಅದೊಂದೇ ಕೆಲಸ.

ಕಚೇರಿ ಎಂದ ಕೂಡಲೇ ದೊಡ್ಡದೇನೋ ಎಂದುಕೊಳ್ಳಬೇಡಿ. ತಗಡಿನ ಮಾಡಿನ ಒಂದು ಕೋಣೆ, ಕರಿ ಬಣ್ಣದ ಒಂದು ಫೋನು, ಕೆಂಪು ಬಟ್ಟೆಯ ಬೈಂಡು ಹಾಕಿದ ಒಂದು ದಪ್ಪ ರಿಜಿಸ್ಟರು, ಅದರ ಹಿಂದೆ ನಾನು. ಪಕ್ಕದ ಕೋಣೆಯಲ್ಲಿ ಹಲಸೂರು, ಇಂದಿರಾನಗರ, ಬಾಣಸವಾಡಿ ಕಡೆಗೆ ಹೋಗುವ ಲೈನುಗಳ ದೊಡ್ಡ ಸ್ವಿಚ್ಚುಗಳು. ಅವುಗಳನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಒಬ್ಬ ಆಪರೇಟರು. ಎರಡು ಕೋಣೆಗಳ ನಡುವೆ ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಲ್ಲಿ ನನಗೆ ಕಾಣುತ್ತಿದ್ದದ್ದು ಅವರ ಕನ್ನಡಕ ಮತ್ತು ನಶ್ಯದ ಡಬ್ಬಿ ಮಾತ್ರ.

ನನಗಾಗ ಇಪ್ಪತ್ತಮೂರು. ಟೈಪಿಂಗ್ ಸೀನಿಯರ್ ಪಾಸು ಮಾಡಿ ತಾತ್ಕಾಲಿಕ ನೌಕರಿಗೆ ಸೇರಿದ್ದೆ. ತಾತ್ಕಾಲಿಕ ಎಂದರೆ ಯಾವತ್ತು ಬೇಕಾದರೂ ನಾಳೆಯಿಂದ ಬರಬೇಡ ಎನ್ನಬಹುದಾದ ನೌಕರಿ. ಸೇರುವಾಗ ಅಮ್ಮ ಹೌಹಾರಿದ್ದಳು.

“ಕರೆಂಟ್ ಆಫೀಸಾ? ಏನಾದ್ರೂ ಮುಟ್ಟಿದ್ರೆ ಗತಿ ಏನೇ?”

“ನಾನು ಮುಟ್ಟೋದು ಫೋನ್ ಒಂದೇ ಕಣಮ್ಮ.”

“ಫೋನಲ್ಲೂ ಕರೆಂಟ್ ಇರತ್ತಂತಲ್ಲ” ಎಂದು ಅವಳು ಮಾತು ಮುಗಿಸಿದಳು. ಅಮ್ಮನಿಗೆ ಕೊನೆಯ ಮಾತು ತನ್ನದೇ ಆಗಬೇಕು. ಆ ಗುಣ ನನಗೂ ಬಂದಿದೆ ಎಂದು ಗೊತ್ತಾಗಲು ನನಗೆ ಆ ನೌಕರಿ ಬೇಕಾಯಿತು.

ಏಪ್ರಿಲ್ ಮುಗಿದು ಮೇ ಬಂತೆಂದರೆ ನಮ್ಮ ಕಡೆ ಮಧ್ಯಾಹ್ನದವರೆಗೆ ಸುಡುಬಿಸಿಲು, ನಾಲ್ಕು ಗಂಟೆಗೆ ಗಾಳಿ, ನಾಲ್ಕೂಕಾಲಿಗೆ ಮಳೆ, ನಾಲ್ಕೂವರೆಗೆ ನನ್ನ ಫೋನು. ಶಿವಾಜಿನಗರದಿಂದ “ಲೈಟ್ ಕಬ್ ಆತಾ ಜೀ?”, ಹಲಸೂರು ಪೇಟೆಯಿಂದ “ಕರೆಂಟ್ ಎಪ್ಪೋ ವರುಂಮಾ?”, ಇಂದಿರಾನಗರದ ಹೊಸ ಮನೆಗಳಿಂದ ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ. ಕನ್ನಡದವರು ಮಾತ್ರ ಮೊದಲು “ಕಾಫಿ ಆಯ್ತೇನಮ್ಮ?” ಎಂದು ಕೇಳಿ ಆಮೇಲೆ ಬೈಯುತ್ತಿದ್ದರು. ಎಲ್ಲರಿಗೂ ಅವರವರ ಭಾಷೆಯಲ್ಲಿ ಉತ್ತರ ಕೊಡುವಷ್ಟು ನಾನು ಕಲಿತಿದ್ದೆ. ಬೈಗುಳವನ್ನೂ ಅಷ್ಟೇ ಚೆನ್ನಾಗಿ ಕಲಿತಿದ್ದೆ, ಆದರೆ ಅದನ್ನು ಫೋನು ಇಟ್ಟ ಮೇಲೆ ಬಳಸುತ್ತಿದ್ದೆ.

ಕರೆಂಟ್ ಯಾವಾಗ ಬರುತ್ತದೆ ಎಂಬುದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬರುವವರೆಗೆ ಜನ ಬದುಕಿರಬೇಕು ಎಂಬುದಷ್ಟೇ ನನ್ನ ಚಿಂತೆ. ಆಗ ಎಲ್ಲರ ಮನೆಯಲ್ಲೂ ಬಚ್ಚಲ ಒಲೆ. ಮಳೆ ನಿಂತ ಕೂಡಲೇ ಹೆಂಗಸರು ಮಕ್ಕಳು ಎನ್ನದೆ ಬುಟ್ಟಿ ಹಿಡಿದು ಬೀದಿಗೆ ಓಡಿ, ಬಿದ್ದ ಕೊಂಬೆಗಳನ್ನು ಸೌದೆಗೆಂದು ಎಳೆಯುವುದು ವಾಡಿಕೆ. ಕೊಂಬೆಯ ಜೊತೆ ತಂತಿಯೂ ಬಿದ್ದಿರುತ್ತಿತ್ತು. ಒಂದು ಸಲ ಒಬ್ಬರು ಫೋನು ಮಾಡಿ, ತಂತಿಯನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿ ಕೊಂಬೆ ತೆಗೆದುಕೊಳ್ಳಬಹುದೇ ಎಂದು ಕೇಳಿದರು.

“ಮುಟ್ಟಬೇಡಿ. ಹತ್ರಾನೂ ಹೋಗ್ಬೇಡಿ” ಎಂದೆ.

“ಕರೆಂಟೇ ಇಲ್ವಲ್ಲಮ್ಮ, ಇನ್ನು ತಂತೀಲಿ ಏನಿರತ್ತೆ?”

“ನಿಮ್ಮನೇಲಿ ಇಲ್ಲ. ಎದುರು ಸಾಲಿನ ಮನೇಲಿ ದೀಪ ಇದೆಯಾ, ಸ್ವಲ್ಪ ನೋಡಿ ಹೇಳಿ.”

ಅವರು ನೋಡಿಕೊಂಡು ಬಂದರು. “ಇದೆ.”

“ಹಾಗಾದ್ರೆ ಸೌದೆ ಆಸೆ ಬಿಟ್ಟು ಮಕ್ಕಳನ್ನ ಒಳಗೆ ಕರೀರಿ. ನಮ್ಮೋರು ಬರೋವರೆಗೂ ಆ ಕಡೆ ಯಾರನ್ನೂ ಬಿಡಬೇಡಿ.”

ಅವರು ಗೊಣಗಿದರು. ಮಾರನೆಯ ದಿನ ಮತ್ತೆ ಫೋನು ಮಾಡಿ, ರಾತ್ರಿ ಆ ತಂತಿಯ ಹತ್ತಿರ ಹೋದ ನಾಯಿಯ ಕಥೆ ಹೇಳಿ ಅತ್ತರು. ಅಂದಿನಿಂದ ನನಗೆ ಯಾರ ಗೊಣಗಾಟವೂ ಲೆಕ್ಕಕ್ಕಿಲ್ಲ. ಫ್ಯೂಸಿಗೆ ಹೆಂಡತಿಯ ಹೇರ್‌ಪಿನ್ ಸಿಕ್ಕಿಸಿದ ಯಜಮಾನರು, ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೆಯೇ ಬಿಟ್ಟು ಪಕ್ಕದ ಮನೆಗೆ ಹರಟೆಗೆ ಹೋಗುವವರು, ಪರದೆಯ ಕೆಳಗೆ ಮೇಣದಬತ್ತಿ ಇಡುವವರು, ಎಲ್ಲರಿಗೂ ನನ್ನಿಂದ ಮಂಗಳಾರತಿ ಆಗುತ್ತಿತ್ತು. “ಎಲ್ಲಾ ಸ್ವಿಚ್ಚೂ ಆರಿಸಿ, ಒಂದೇ ಒಂದು ಬಲ್ಬ್ ಮಾತ್ರ ಹಾಕಿಟ್ಟಿರಿ. ಕರೆಂಟ್ ಬಂದಿದ್ದನ್ನ ಹೇಳೋಕೆ ಅದು ಸಾಕು.” ಈ ಮಾತನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ. ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಜನ ನನ್ನನ್ನು ‘ಒಂದು ಬಲ್ಬ್ ಅಮ್ಮ’ ಎನ್ನುತ್ತಿದ್ದರಂತೆ.

ಆದರೆ ನನ್ನ ನಿಜವಾದ ಜವಾಬ್ದಾರಿ ಫೋನಿನದಲ್ಲ, ಚೀಟಿಯದು. ಲೈನ್‌ಮನ್ ಕಂಬ ಹತ್ತುವ ಮುಂಚೆ ನನ್ನಿಂದ ಒಂದು ಚೀಟಿ ಬರೆಸಿಕೊಳ್ಳಬೇಕು. ಅದಕ್ಕೆ ‘ಲೈನ್ ಕ್ಲಿಯರ್’ ಎನ್ನುತ್ತಿದ್ದೆವು. ಆ ಚೀಟಿ ಅವನ ಜೇಬಿನಲ್ಲಿ ಇರುವಷ್ಟು ಹೊತ್ತೂ ಪಕ್ಕದ ಕೋಣೆಯಲ್ಲಿ ಆ ಲೈನಿನ ಸ್ವಿಚ್ಚು ಆಫ್ ಆಗಿರಬೇಕು. ಕೆಲಸ ಮುಗಿಸಿ, ಕಂಬ ಇಳಿದು, ಸೈಕಲ್ ತುಳಿದುಕೊಂಡು ಬಂದು ಅವನು ಚೀಟಿ ವಾಪಸು ಕೊಟ್ಟ ಮೇಲೆ ರಿಜಿಸ್ಟರಿನಲ್ಲಿ ನನ್ನ ಸಹಿ. ಸಹಿ ನೋಡಿಯೇ ಆಪರೇಟರು ಸ್ವಿಚ್ಚು ಹಾಕುವುದು. ನಾನು ಹೊರಗೆಲ್ಲಾದರೂ ಇದ್ದರೆ ಫೋನಿನಲ್ಲಿ ನನ್ನದೇ ದನಿ ಕೇಳಬೇಕು. “ನಿನ್ನ ಸಹಿ, ಇಲ್ಲಾ ನಿನ್ನ ಬಾಯಿ. ಬೇರೆ ದೇವರೇ ಬಂದು ಹೇಳಿದ್ರೂ ನಾನು ಹ್ಯಾಂಡಲ್ ಮುಟ್ಟಲ್ಲಮ್ಮ” ಎಂದು ಅವರು ನಾನು ಸೇರಿದ ಮೊದಲ ದಿನವೇ ಹೇಳಿದ್ದರು.

ಇಷ್ಟು ಗಟ್ಟಿಯಾದ ಏರ್ಪಾಟಿನಲ್ಲೂ ನಮ್ಮವರು ಒಂದು ಸಣ್ಣ ಸಂದು ಮಾಡಿಕೊಂಡಿದ್ದರು. ಒಂದೇ ಲೈನಿನ ಮೇಲೆ ಎರಡು ಮೂರು ಕಡೆ ಕೆಲಸವಿದ್ದಾಗ, ಮೊದಲು ಹೊರಟವನು ಉಳಿದವನ ಚೀಟಿಯನ್ನೂ ತಾನೇ ತಂದು ಕೊಟ್ಟುಬಿಡುತ್ತಿದ್ದ. ಒಂದು ಸೈಕಲ್ ಸವಾರಿ ಉಳಿಯಿತಲ್ಲ! ನಾನು ಹೊಸಬಳು. ಹತ್ತು ವರ್ಷದಿಂದ ನಡೆದುಬಂದದ್ದನ್ನು ಪ್ರಶ್ನಿಸುವ ಧೈರ್ಯ ಇರಲಿಲ್ಲ. ಮನಸ್ಸಿಗೆ ಸರಿ ಕಾಣದಿದ್ದರೂ ಸಹಿ ಹಾಕುತ್ತಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ನನ್ನ ಮೇಜಿನ ಹಿಂದೆ ಗೋಡೆಗೆ ಒಂದು ಉದ್ದ ಹಲಗೆ ಹೊಡೆದಿತ್ತು. ಲೈನ್‌ಮನ್‌ಗಳು ಮಧ್ಯಾಹ್ನ ನಮ್ಮ ವರಾಂಡದಲ್ಲೇ ಉಂಡು, ಊಟದ ಡಬ್ಬಿ ತೊಳೆದು ಆ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ತೆಗೆದುಕೊಂಡು ಹೋಗುತ್ತಿದ್ದರು. ಎಲ್ಲವೂ ಅಲ್ಯುಮಿನಿಯಂ ಡಬ್ಬಿಗಳು. ಒಂದು ಮಾತ್ರ ಹಿತ್ತಾಳೆಯದು, ಪಕ್ಕದಲ್ಲಿ ತಗ್ಗು ಬಿದ್ದದ್ದು, ಕೆಂಪು ಚೌಕಳಿಯ ಬಟ್ಟೆಯಲ್ಲಿ ಕಟ್ಟಿದ್ದು. ಅದು ಕಗ್ಗದಾಸಪುರದಿಂದ ಬರುತ್ತಿದ್ದ ಲೈನ್‌ಮನ್‌ನದು. ನಲವತ್ತು ದಾಟಿದ, ಮಾತು ಕಡಿಮೆಯ, ಯಾರು ಏನು ಕೇಳಿದರೂ ಇಲ್ಲ ಎನ್ನಲು ಬಾರದ ಮನುಷ್ಯ. ಅವರ ಹೆಂಡತಿಗೆ ತವರಿನಿಂದ ಬಂದ ಡಬ್ಬಿ ಅದು. ಒಂದು ಸಂಜೆ ಅವರು ಡಬ್ಬಿ ಮರೆತು ಹೊರಟು, ಊರು ಇನ್ನೇನು ಸಿಕ್ಕಿತು ಎನ್ನುವಾಗ ನೆನಪಾಗಿ, ಸುರಿಯುವ ಮಳೆಯಲ್ಲಿ ಅಷ್ಟು ದೂರವನ್ನೂ ವಾಪಸು ತುಳಿದುಕೊಂಡು ಬಂದಿದ್ದರು.

“ನಾಳೆ ತಗೊಂಡ್ರೆ ಆಗ್ತಿರಲಿಲ್ವೇನ್ರೀ?” ಎಂದೆ.

“ಡಬ್ಬಿ ಇಲ್ದೆ ಹೋದ್ರೆ ನನ್ನನ್ನ ಒಳಗೇ ಬಿಡಲ್ಲ ಅಕ್ಕಾವ್ರೇ” ಎಂದು ನೀರು ಸುರಿಸುತ್ತ ನಕ್ಕರು. ಆ ನಗುವಿನಲ್ಲಿ ಹೆಂಡತಿಯ ಭಯಕ್ಕಿಂತ ಪ್ರೀತಿಯೇ ಹೆಚ್ಚಿತ್ತು. ನನಗೆ ಆ ಹೆಂಗಸನ್ನು ನೋಡಬೇಕು ಅನ್ನಿಸಿತ್ತು.

ಆ ಮೇ ತಿಂಗಳ ಒಂದು ಮಧ್ಯಾಹ್ನ ಬಂದ ಗಾಳಿಯಂಥದ್ದನ್ನು ನಾನು ಮತ್ತೆ ಕಂಡಿಲ್ಲ. ನಮ್ಮ ತಗಡಿನ ಮಾಡು ಎದ್ದು ಎದ್ದು ಬೀಳುತ್ತಿತ್ತು. ಆಲಿಕಲ್ಲಿನ ಸದ್ದಿಗೆ ಫೋನಿನ ಗಂಟೆಯೇ ಕೇಳದು. ಕೆರೆಯ ಕಡೆಯ ದೊಡ್ಡ ಮರಗಳು, ಇಂದಿರಾನಗರದ ಗುಲ್‌ಮೊಹರ್‌ಗಳು, ಎಲ್ಲ ತಂತಿಗಳ ಮೇಲೆಯೇ ಒರಗಿದವು. ಇಂದಿರಾನಗರದ ಲೈನು ಪೂರ್ತಿ ಸತ್ತಿತು. ಮಳೆ ನಿಲ್ಲುತ್ತಿದ್ದ ಹಾಗೆ ಮೂವರು ಲೈನ್‌ಮನ್‌ಗಳು ಆ ಒಂದೇ ಲೈನಿನ ಮೇಲೆ ಮೂರು ಚೀಟಿ ಬರೆಸಿಕೊಂಡು, ಏಣಿ ಹೊತ್ತವರ ಜೊತೆ ಹೊರಟರು. ಅವರಲ್ಲಿ ಕಗ್ಗದಾಸಪುರದವರೂ ಒಬ್ಬರು.

ಐದೂವರೆಗೆ ಇಂದಿರಾನಗರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಿಂದ ಡಾಕ್ಟರಮ್ಮ ಫೋನು ಮಾಡಿದರು. ಹೆರಿಗೆ ಶುರುವಾಗಿದೆ, ಕೈಯಲ್ಲಿ ಒಂದು ಟಾರ್ಚ್ ಬಿಟ್ಟರೆ ಬೆಳಕಿಲ್ಲ ಎಂದರು. ದನಿಯಲ್ಲಿ ಗಾಬರಿ ಇರಲಿಲ್ಲ, ಆದರೆ ಅವಸರವಿತ್ತು. ಆಗಷ್ಟೇ ಮೊದಲ ಲೈನ್‌ಮನ್ ತನ್ನ ಚೀಟಿ ತಂದುಕೊಟ್ಟು ಡಬ್ಬಿ ತೆಗೆದುಕೊಂಡಿದ್ದ. ನಮ್ಮ ಪೆಟ್ರೋಮ್ಯಾಕ್ಸ್ ದೀಪವನ್ನು ಅವನ ಕೈಗೆ ಕೊಟ್ಟು ಓಡಿಸಿದೆ.

“ಡಾಕ್ಟ್ರೇ, ಪೆಟ್ರೋಮ್ಯಾಕ್ಸ್ ಕಳಿಸಿದ್ದೀನಿ” ಎಂದು ಫೋನಿನಲ್ಲಿ ಹೇಳಿದೆ.

“ಒಳಗೆ ಪ್ರಜ್ಞೆ ತಪ್ಪಿಸೋ ಈಥರ್ ಇದೆಯಮ್ಮ, ಬೆಂಕಿ ತರೋ ಹಾಗಿಲ್ಲ. ಕಿಟಕಿ ಗಾಜಿನ ಆಚೆ ನೇತುಹಾಕಿಸ್ತೀನಿ, ಸದ್ಯಕ್ಕೆ ಅಷ್ಟು ಸಾಕು. ಆದ್ರೆ ಬೇಗ ಕರೆಂಟ್ ಕೊಡಿ” ಎಂದರು.

ಆರೂಕಾಲಿಗೆ ಎರಡನೆಯ ಲೈನ್‌ಮನ್ ಬಂದ. ಬಾಣಸವಾಡಿಯವನು, ಹುರುಪಿನವನು. ಮೇಜಿನ ಮೇಲೆ ಎರಡು ಚೀಟಿ ಇಟ್ಟು, “ನಂದೂ ಆಯ್ತು, ಅಣ್ಣಂದೂ ಆಯ್ತು” ಎಂದ. ಅಣ್ಣ ಎಂದರೆ ಕಗ್ಗದಾಸಪುರದವರು. ಹಲಗೆಯ ಮೇಲಿನ ತನ್ನ ಡಬ್ಬಿಯನ್ನು ತೆಗೆದು ಸೈಕಲ್ಲಿಗೆ ಸಿಕ್ಕಿಸಿಕೊಳ್ಳಲು ಹೊರಗೆ ಹೋದ.

ಅಲ್ಲಿಗೆ ಮೂರು ಚೀಟಿಯೂ ಬಂದಂತಾಯಿತು. ಅದೇ ಹೊತ್ತಿಗೆ ನಮ್ಮ ಕಚೇರಿಯ ಇಂಜಿನಿಯರ್ ಸಾಹೇಬರು ಪ್ಯಾಂಟಿನ ಮಂಡಿಯವರೆಗೆ ಕೆಸರು ಮಾಡಿಕೊಂಡು ಒಳಗೆ ಬಂದರು. ರಸ್ತೆಗೆ ಮರ ಬಿದ್ದು ಅವರ ಜೀಪು ಕೆರೆಯ ಹತ್ತಿರವೇ ನಿಂತಿತ್ತು. ಹೆರಿಗೆ ಆಸ್ಪತ್ರೆಯ ವಿಷಯ ಹೇಳಿದೆ.

“ಎಲ್ಲಾ ಚೀಟಿ ಬಂತಾ?”

“ಬಂತು ಸಾರ್.”

“ಮತ್ತೆ ಇನ್ನೇನು? ಸಹಿ ಹಾಕಮ್ಮ. ಅಲ್ಲಿ ಹೆರಿಗೆ ಆಗ್ತಿದೆ.”

ಪೆನ್ನು ತೆಗೆದೆ. ರಿಜಿಸ್ಟರು ಬಿಡಿಸಿದೆ. ಬೆಳಕು ಸಾಲದೆ, ಮೇಣದಬತ್ತಿಯನ್ನು ಹತ್ತಿರ ಎಳೆದುಕೊಳ್ಳಲು ಹಿಂದಕ್ಕೆ ತಿರುಗಿದೆ. ಹಲಗೆಯ ಮೇಲೆ ಆ ಬೆಳಕಿನಲ್ಲಿ ಒಂದೇ ಒಂದು ವಸ್ತು ಹೊಳೆಯುತ್ತಿತ್ತು. ಕೆಂಪು ಚೌಕಳಿಯ ಬಟ್ಟೆ, ಅದರ ಸಂದಿಯಲ್ಲಿ ಹಿತ್ತಾಳೆ.

ಪೆನ್ನಿನ ಕ್ಯಾಪು ಹಾಕಿದೆ.

“ಸಾರ್, ಸಹಿ ಹಾಕಕ್ಕಾಗಲ್ಲ. ಒಬ್ರು ಇನ್ನೂ ಲೈನ್ ಮೇಲಿದ್ದಾರೆ.”

“ಮೂರು ಚೀಟಿ ಇಲ್ಲೇ ಇದೆಯಲ್ಲಮ್ಮ!”

“ಚೀಟಿ ಇದೆ ಸಾರ್. ಡಬ್ಬೀನೂ ಇಲ್ಲೇ ಇದೆ.”

ಅವರಿಗೆ ಅರ್ಥವಾಗಲಿಲ್ಲ. ಯಾರಿಗೆ ತಾನೇ ಆಗುತ್ತದೆ? ಹೊರಗೆ ಸೈಕಲ್ ಹತ್ತುತ್ತಿದ್ದ ಬಾಣಸವಾಡಿಯವನನ್ನು ಕೂಗಿದೆ. “ಅವರು ಕಂಬ ಇಳಿದಿದ್ದನ್ನ ನೀನು ಕಣ್ಣಾರೆ ನೋಡಿದ್ಯಾ?”

“ಇಳಿದ್ರಕ್ಕ. ಕೆಲಸ ಆಯ್ತು, ಚೀಟಿ ನೀನೇ ಕೊಟ್ಬಿಡು ಅಂದ್ರು. ಅಣ್ಣನ ಊರು ಆ ಕಡೇನೇ ಅಲ್ವಾ, ಹಂಗೇ ಮನೆಗೆ ಹೋಗಿರ್ತಾರೆ.”

“ಕೇಳಿದ್ಯಲ್ಲ” ಎಂದರು ಸಾಹೇಬರು. “ಮನೆಗೆ ಹೋಗಿದ್ದಾನೆ. ಹಾಕು ಸಹಿ.”

“ಡಬ್ಬಿ ಬಿಟ್ಟು ಅವರು ಮನೆಗೆ ಹೋಗಲ್ಲ ಸಾರ್.”

“ಒಂದು ಊಟದ ಡಬ್ಬಿಗೋಸ್ಕರ ಇಡೀ ಇಂದಿರಾನಗರ ಕತ್ತಲಲ್ಲಿ ಇರಬೇಕೇನಮ್ಮ? ನಿನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ, ನೆನಪಿರಲಿ.”

ಸಾಹೇಬರು ಕೆಟ್ಟವರಲ್ಲ. ಕಿಟಕಿಯಾಚೆಯ ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ ನರಳುತ್ತಿರುವ ಒಬ್ಬ ಹೆಂಗಸಿನ ಜೀವ ಅವರ ತಲೆಯಲ್ಲಿತ್ತು. ನನ್ನ ತಲೆಯಲ್ಲೂ ಇತ್ತು. ಆದರೆ ಆಕೆಯ ಹತ್ತಿರ ಒಬ್ಬ ಡಾಕ್ಟರು ಇದ್ದರು, ಮಂದವಾದರೂ ಬೆಳಕಿತ್ತು. ತಂತಿಯ ಮೇಲೆ ಕೈಯಿಟ್ಟ ಮನುಷ್ಯನಿಗೆ ಇದ್ದದ್ದು ನನ್ನ ಸಹಿಯೊಂದೇ. ಸಿಟ್ಟು ಬಂದಿತ್ತು. ಕೆಲಸ ಹೋದರೆ ಹೋಗಲಿ ಅನ್ನಿಸಿಬಿಟ್ಟಿತು. ಕಿಂಡಿಯ ಕಡೆ ತಿರುಗಿದೆ.

“ಸ್ವಾಮಿ, ನಾನು ಹೋಗಿ ನೋಡ್ಕೊಂಡು ಬರ್ತೀನಿ. ನನ್ನ ಸಹಿ ಇಲ್ಲಾ ನನ್ನ ಬಾಯಿ.”

ಕಿಂಡಿಯಿಂದ ನಶ್ಯ ಏರಿಸುವ ಸದ್ದು ಬಂತು. “ನಿನ್ನ ಸಹಿ ಇಲ್ಲಾ ನಿನ್ನ ಬಾಯಿ. ಹೋಗ್ಬಾಮ್ಮ” ಎಂದರು ಆಪರೇಟರು. ಆಮೇಲೆ ಸಾಹೇಬರಿಗೆ ಕೇಳುವಂತೆ, “ಮೂವತ್ತು ವರ್ಷದಲ್ಲಿ ಸಹಿ ಇಲ್ದೆ ಒಂದು ಸಲಾನೂ ಹಾಕಿಲ್ಲ” ಎಂದು ಸೇರಿಸಿದರು.

ನನ್ನ ಬದಲು ಇನ್ನಾರೂ ಸಹಿ ಹಾಕಬಾರದೆಂದು ಆ ದಪ್ಪ ರಿಜಿಸ್ಟರನ್ನೂ ಚೀಟಿಯ ಪುಸ್ತಕವನ್ನೂ ಕಂಕುಳಿಗೆ ಇರುಕಿಕೊಂಡು, ಸೆರಗು ಸಿಕ್ಕಿಸಿ, ನನ್ನ ಲೇಡೀಸ್ ಸೈಕಲ್ ಹತ್ತಿದೆ. ಸರ್ಕಾರಿ ದಾಖಲೆಯನ್ನು ಕಚೇರಿಯಿಂದ ಹೊತ್ತುಕೊಂಡು ಹೋಗುವುದು ಎಂಥ ಅಪರಾಧವೋ ಆಗ ಹೊಳೆಯಲಿಲ್ಲ. ಬಾಣಸವಾಡಿಯವನು ಮುಂದೆ ಸಾಗಿ ದಾರಿ ತೋರಿಸಿದ. ಅವನ ಮುಖ ಅಷ್ಟರಲ್ಲೇ ಬಿಳಿಚಿಕೊಂಡಿತ್ತು.

ಎರಡು ಮೈಲಿಯೂ ಇಲ್ಲದ ದಾರಿ. ಅಂದು ಅದು ಮುಗಿಯುತ್ತಲೇ ಇರಲಿಲ್ಲ. ಬಿದ್ದ ಮರಗಳ ಮೇಲೆ ಸೈಕಲ್ ಎತ್ತಿ ದಾಟಿಸಬೇಕು, ಮತ್ತೆ ಹತ್ತಬೇಕು, ಮತ್ತೆ ಇಳಿಯಬೇಕು. ಬೀದಿಯ ತುಂಬ ಜನ ಕೊಂಬೆ ಎಳೆಯುತ್ತಿದ್ದರು. ಹೋಗುತ್ತಲೇ “ತಂತಿ ಮುಟ್ಟಬೇಡ್ರೀ, ತಂತಿ ಬಿಟ್ಟು ದೂರ ಇರ್ರೀ” ಎಂದು ಕಿರುಚುತ್ತಿದ್ದೆ. ಯಾರೋ ಒಬ್ಬರು “ಅಯ್ಯೋ, ಇದು ಒಂದು ಬಲ್ಬ್ ಅಮ್ಮನ ದನಿ ಅಲ್ವಾ!” ಎಂದದ್ದು ಕಿವಿಗೆ ಬಿತ್ತು. ಬೇರೆ ದಿನವಾಗಿದ್ದರೆ ನಿಂತು ಖುಷಿಪಡುತ್ತಿದ್ದೆ.

ಕಗ್ಗದಾಸಪುರದವರ ಕೆಲಸವಿದ್ದ ಕಂಬದ ಬಳಿ ಯಾರೂ ಇರಲಿಲ್ಲ. ಏಣಿಯೂ ಇರಲಿಲ್ಲ. ತಂತಿಗಳು ನೇರವಾಗಿ, ಅಚ್ಚುಕಟ್ಟಾಗಿ ಬಿಗಿದಿದ್ದವು. ಒಂದು ಕ್ಷಣ, ಎಲ್ಲರೂ ಹೇಳಿದ್ದೇ ನಿಜ, ನಾನೇ ಮೂರ್ಖಳು ಎಂದುಕೊಂಡೆ. ಅಷ್ಟರಲ್ಲಿ ಗೇಟಿನ ಒಳಗಿನಿಂದ ಒಬ್ಬ ಮುದುಕಿ ಹೇಳಿದಳು: “ಲೈನ್‌ಮನ್ನಾ? ಹಿಂದಿನ ಬೀದೀಲಿ ಅವ್ನಮ್ಮ. ನಮ್ಮ ಮಗಳ ಮನೆ ಹತ್ರ ಕೊಂಬೆ ತಂತಿಗೆ ಸಿಕ್ಕಾಕ್ಕೊಂಡಿತ್ತು. ಕೇಳಿದ್ದಕ್ಕೆ ಪಾಪ ಬಂದ. ದೇವರಂಥ ಮನುಷ್ಯ.”

ಇಲ್ಲ ಎನ್ನಲು ಬಾರದ ಮನುಷ್ಯ! ತಿರುವಿನಲ್ಲಿ ಸೈಕಲ್ ಬಿದ್ದೇಬಿಟ್ಟಿತು. ಎತ್ತಲೂ ಇಲ್ಲ, ಓಡಿದೆ.

ಆರೇಳು ಜನ ಮೇಲಕ್ಕೆ ಟಾರ್ಚ್ ಹಿಡಿದು ನಿಂತಿದ್ದರು. ಕಂಬಕ್ಕೆ ಒರಗಿಸಿದ ಏಣಿಯ ತುದಿಯಲ್ಲಿ ಅವರು, ಒಂದು ಕೈಯಲ್ಲಿ ತಂತಿ ಹಿಡಿದು ಇನ್ನೊಂದು ಕೈಯಲ್ಲಿ ಸೀಳಿದ ಕೊಂಬೆಯನ್ನು ಬಿಡಿಸುತ್ತಿದ್ದರು. ಅದೇ ಲೈನು. ನಾನು ಸಹಿ ಹಾಕಿದ್ದರೆ ಕರೆಂಟು ಬರುತ್ತಿದ್ದ ಅದೇ ತಂತಿ. ಗಾಬರಿಯಾಗಿ ಕೂಗಿದರೆ ಅವರು ಬೆಚ್ಚಿ ಬೀಳಬಹುದು ಎನ್ನುವಷ್ಟು ಬುದ್ಧಿ ಅದು ಹೇಗೋ ನನ್ನಲ್ಲಿ ಉಳಿದಿತ್ತು. ಉಸಿರು ಎಳೆದುಕೊಂಡು, ದಿನಾ ಮಾತಾಡುವ ದನಿಯಲ್ಲಿ ಹೇಳಿದೆ.

“ರೀ, ನಿಮ್ಮ ಡಬ್ಬಿ ಆಫೀಸಲ್ಲೇ ಇದೆ.”

ಅವರು ಕೆಳಗೆ ನೋಡಿದರು. “ಅಕ್ಕಾವ್ರೇ! ನೀವ್ಯಾಕೆ ಬಂದ್ರಿ? ಡಬ್ಬಿಗೆ ನಾನೇ ಬರ್ತಿದ್ದೆ. ಇದೊಂದು ಕೊಂಬೆ ಬಿಡಿಸಿ ಬಂದ್ಬಿಟ್ಟೆ.”

“ತಂತಿ ಬಿಟ್ಟು ಮೊದಲು ಇಳೀರಿ. ನಿಮ್ಮ ಚೀಟಿ ನನ್ನ ಹತ್ರ ಇದೆ.”

ಆಗ ಅವರಿಗೆ ಹೊಳೆಯಿತು. ತಂತಿಯ ಮೇಲಿನ ಕೈ ಮೆಲ್ಲಗೆ ಬಿಟ್ಟಿತು. ಒಂದೊಂದೇ ಮೆಟ್ಟಿಲು ಇಳಿದು ಬಂದು, ಏಣಿಯ ಬುಡದಲ್ಲಿ ಕುಸಿದು ಕೂತರು. ಹೇಗಿದ್ದರೂ ಲೈನು ಸತ್ತಿದೆ, ಎರಡು ನಿಮಿಷದ ಕೆಲಸ ಎಂದುಕೊಂಡು ಹತ್ತಿದ್ದರಂತೆ. ಚೀಟಿ ಕೊಟ್ಟು ಕಳಿಸಿದ್ದು ಮರೆತೇ ಹೋಗಿತ್ತಂತೆ. ಬಾಣಸವಾಡಿಯವನು ಬಂದು ಅವರ ಎರಡೂ ಕೈ ಹಿಡಿದುಕೊಂಡು, ಜನರ ಎದುರಿಗೇ ಹೋ ಎಂದು ಅತ್ತ. ನನಗೂ ಅಳು ಬಂತು. ಆದರೆ ನಾನು ಅಳುವುದರ ಬದಲು ಬೈದೆ. ಇಬ್ಬರಿಗೂ ಸೇರಿಸಿ, ಫೋನು ಇಟ್ಟ ಮೇಲೆ ಬಳಸಲೆಂದು ಕೂಡಿಟ್ಟಿದ್ದ ನಾಲ್ಕು ಭಾಷೆಯ ಬೈಗುಳವನ್ನೂ ಅಲ್ಲಿ ಖಾಲಿ ಮಾಡಿದೆ. ಟಾರ್ಚ್ ಹಿಡಿದವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಕೊಂಬೆ ಇನ್ನೂ ತಂತಿಯ ಮೇಲೇ ಇತ್ತು. ಅದನ್ನು ತೆಗೆಯದೆ ಕರೆಂಟು ಕೊಡುವಂತಿಲ್ಲ. ಅಲ್ಲೇ ಒಂದು ಕಾಂಪೌಂಡ್ ಗೋಡೆಯ ಮೇಲೆ ಚೀಟಿಯ ಪುಸ್ತಕ ಇಟ್ಟು, ಟಾರ್ಚ್ ಬೆಳಕಿನಲ್ಲಿ ಹೊಸ ಚೀಟಿ ಬರೆದು ಹರಿದು ಕೊಟ್ಟೆ.

“ತಗೊಳ್ಳಿ. ಈಗ ಹತ್ತಿ.”

“ಈಗಲೂ ಚೀಟಿನಾ ಅಕ್ಕಾವ್ರೇ? ನೀವೇ ಇಲ್ಲಿದ್ದೀರಲ್ಲ?”

“ಈಗಲೇ ಬೇಕಾಗಿರೋದು.”

ಜನ ನಕ್ಕರು. ಅವರು ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿದರು, ಕೊಂಬೆ ಬಿಡಿಸಿದರು, ಇಳಿದರು. ಏಣಿ ಮಲಗಿಸಿದ ಮೇಲೆ ನಾನು ರಿಜಿಸ್ಟರು ಬಿಡಿಸಿ ಹಿಡಿದೆ. ಅದುವರೆಗೆ ಆ ರಿಜಿಸ್ಟರಿನಲ್ಲಿ ಲೈನ್‌ಮನ್‌ಗಳ ಸಹಿಗೆ ಜಾಗವೇ ಇರಲಿಲ್ಲ. ನನ್ನ ಸಹಿಯ ಪಕ್ಕದ ಖಾಲಿ ಅಂಚಿನಲ್ಲಿ ಅವರ ಕೈಯಲ್ಲೇ ಬರೆಸಿದೆ: ‘ನಾನು ಕೆಳಗೆ ಇದ್ದೇನೆ.’ ಅಕ್ಷರಗಳು ಸೊಟ್ಟಗಿದ್ದವು. ನಾನು ಆ ಪುಸ್ತಕದಲ್ಲಿ ಓದಿದ ಅತಿ ಸುಂದರವಾದ ಸಾಲು ಅದು.

ಹೆರಿಗೆ ಆಸ್ಪತ್ರೆ ಅದೇ ಬೀದಿಯ ಕೊನೆಯಲ್ಲಿತ್ತು. ಅಲ್ಲಿನ ಫೋನಿನಿಂದ ಕಚೇರಿಗೆ ಕರೆ ಮಾಡಿದೆ. ಎತ್ತಿದವರು ಆಪರೇಟರೇ.

“ಮೂವರೂ ಕೆಳಗಿದ್ದಾರೆ. ಸಹಿ ಆಗಿದೆ. ಇಂದಿರಾನಗರ ಲೈನ್ ಕೊಡಿ” ಎಂದೆ.

“ಇನ್ನೊಂದ್ಸಲ ಹೇಳಮ್ಮ.”

“ಇಂದಿರಾನಗರ ಲೈನ್ ಕೊಡಿ ಸ್ವಾಮಿ.”

ಅವರು ಹ್ಯಾಂಡಲ್ ಎಳೆದ ಸದ್ದು ಫೋನಿನಲ್ಲಿ ಕೇಳಿತು, ಅದರ ಹಿಂದೆಯೇ ನನ್ನ ತಲೆಯ ಮೇಲಿನ ಬಲ್ಬು ಹೊತ್ತಿತು. ಆಮೇಲೆ ಎದುರು ಮನೆ, ಅದರಾಚೆಯ ಮನೆ, ಇಡೀ ಬೀದಿ. ಮಕ್ಕಳೆಲ್ಲ ಒಟ್ಟಿಗೆ ಹೋ ಎಂದು ಕೂಗಿದರು. ಕರೆಂಟ್ ಬಂದಾಗ ಬೆಂಗಳೂರಿನಲ್ಲಿ ಏಳುತ್ತಿದ್ದ ಆ ಕೂಗನ್ನು ನಾನು ಯಾವಾಗಲೂ ಫೋನಿನ ಆಚೆಯಿಂದ ಕೇಳಿದವಳು. ಅಂದು ಅದರ ಮಧ್ಯದಲ್ಲಿ ನಿಂತು ಕೇಳಿದೆ. ಎದೆ ತುಂಬಿ, ನಾನೂ ಅವರ ಜೊತೆ ಕೂಗಿದೆ. ಇಪ್ಪತ್ತಮೂರು ವರ್ಷದ ಸರ್ಕಾರಿ ನೌಕರಿಯವಳು, ಮೈಯೆಲ್ಲ ಕೆಸರು, ಕಂಕುಳಲ್ಲಿ ರಿಜಿಸ್ಟರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಗು ಅತ್ತಿತು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಬಂದು, “ಹೆಣ್ಣುಮಗು. ಗಂಟಲು ನಿಮ್ಮ ಹಾಗೇ ಇದೆ” ಎಂದರು. ಬೀದಿಯಲ್ಲಿ ನಾನು ಬೈದದ್ದು ಅಲ್ಲಿಯವರೆಗೆ ಕೇಳಿಸಿತ್ತು.

ಮಾರನೆಯ ದಿನ ನಾನು ಕೆಲಸ ಹೋಗುತ್ತದೆಂದು ತಯಾರಾಗಿಯೇ ಹೋದೆ. ಅಮ್ಮನಿಗೆ ಏನೂ ಹೇಳಿರಲಿಲ್ಲ. ಕಗ್ಗದಾಸಪುರದವರು ನನಗಿಂತ ಮುಂಚೆ ಬಂದು ಕೂತಿದ್ದರು. ಪಕ್ಕದಲ್ಲಿ, ಸೆರಗು ಹೊದ್ದ ಒಬ್ಬ ಸಣ್ಣ ಹೆಂಗಸು. ನಾನು ನೋಡಬೇಕೆಂದಿದ್ದ ಹೆಂಡತಿ. ರಾತ್ರಿ ಗಂಡ ಮನೆಗೆ ಒಯ್ದಿದ್ದ ಹಿತ್ತಾಳೆ ಡಬ್ಬಿಯನ್ನು ಆಕೆ ತಾನೇ ತಂದು ಹಲಗೆಯ ಮೇಲೆ ಇಟ್ಟಳು. ನನ್ನ ಎರಡೂ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಹಿಂದಿನ ದಿನ ತಡೆದಿದ್ದ ಅಳು ಆಗ ಬಂತು.

ಹತ್ತು ಗಂಟೆಗೆ ಇಂಜಿನಿಯರ್ ಸಾಹೇಬರು ಬಂದರು. ನಾನು ಎದ್ದು ನಿಂತೆ. ಅವರು ರಿಜಿಸ್ಟರು ಕೇಳಿದರು. ಕೆಸರು ಮೆತ್ತಿದ ಪುಟ ತೆಗೆದು, ಅಂಚಿನಲ್ಲಿದ್ದ ಸೊಟ್ಟ ಸಾಲನ್ನು ಓದಿದರು. ಜೇಬಿನಿಂದ ಸ್ಕೇಲು ತೆಗೆದು, ಆ ಪುಟದಲ್ಲೂ ಮುಂದಿನ ಪುಟಗಳಲ್ಲೂ ನನ್ನ ಸಹಿಯ ಪಕ್ಕದಲ್ಲಿ ಒಂದು ಹೊಸ ಕಾಲಂ ಎಳೆದರು. ಮೇಲೆ ‘ಲೈನ್‌ಮನ್ ಖುದ್ದು ಸಹಿ’ ಎಂದು ಬರೆದರು.

ಅಂದು ಅವರು ತಾವೇ ಬಾಣಸವಾಡಿಯ ಕಡೆ ಕಂಬಗಳನ್ನು ಹತ್ತಿ ಪರೀಕ್ಷಿಸಲು ಹೊರಟಿದ್ದರು. ಬೇರೆಯವರಂತೆಯೇ ನನ್ನ ಮೇಜಿನ ಮುಂದೆ ನಿಂತು ಚೀಟಿ ಬರೆಸಿಕೊಂಡರು. ಬಾಗಿಲ ತನಕ ಹೋದವರು ವಾಪಸು ಬಂದು, ಚೀಲದಿಂದ ತಮ್ಮ ಸ್ಟೀಲಿನ ಊಟದ ಡಬ್ಬಿಯನ್ನು ತೆಗೆದು ಹಲಗೆಯ ಮೇಲೆ, ಹಿತ್ತಾಳೆ ಡಬ್ಬಿಯ ಪಕ್ಕದಲ್ಲಿ ಇಟ್ಟರು.

“ನಾನೇ ಬಂದು ಇದನ್ನ ತಗೊಳ್ಳೋವರೆಗೂ” ಎಂದರು, “ಯಾರು ಹೇಳಿದ್ರೂ ಲೈನ್ ಕೊಡಬೇಡಮ್ಮ.”